ಕುರಿಯ ಮುಖವೂ ನನ್ನ ಕೆಂಪು ಕಾಗದವೂ

ಕುರಿಯ ಮುಖ ನೋಡಿ ಅದು ಯಾರ ಕುರಿ ಎಂದು ಹೇಳುವ ಯಂತ್ರವನ್ನು ಜಗತ್ತಿನಲ್ಲೇ ಮೊದಲು ಕಂಡುಹಿಡಿದವನು ನಾನು! ಜಂಬಕ್ಕೆ ಹೇಳುತ್ತಿಲ್ಲ. ಆ ಯಂತ್ರವನ್ನು ಕಣ್ಣಾರೆ ಕಂಡ ಮೂವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಕೇಳಿ. ಕೇಳಿದರೆ ಅವರು ಮೊದಲು ನಗುತ್ತಾರೆ. ನಕ್ಕು ಮುಗಿಯುವವರೆಗೆ ನೀವು ಕಾಯಬೇಕಾಗುತ್ತದೆ. ಅಷ್ಟು ಹೊತ್ತು ಕಾಯುವ ಬದಲು ನಾನೇ ಹೇಳಿಬಿಡುತ್ತೇನೆ. ಆ ಮೂವರಿಗೆ ಎದುರಿಗೆ ನಿಂತು ಹೇಳಲಾಗದ ಒಂದೆರಡು ಮಾತನ್ನು ಇಲ್ಲಿ ಹೇಳಿದಂತೆಯೂ ಆಗುತ್ತದೆ.

ಎಪ್ಪತ್ತರ ದಶಕದ ಕೊನೆ. ಮಧುಗಿರಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಒಂದು ಬೆಂಚು, ಗೋಡೆಗೆ ಬರೆಸಿದ ಒಂದು ಸರೋವರ, ಮೂರು ಕಾಲಿನ ಮೇಲೆ ನಿಲ್ಲುವ ಒಂದು ಹಳೆಯ ಪೆಟ್ಟಿಗೆ ಕ್ಯಾಮೆರಾ. ಗಿರಾಕಿಗಳು ಬರದ ದಿನಗಳೇ ಹೆಚ್ಚಾಗಿದ್ದುದರಿಂದ ವಿಜ್ಞಾನದ ಪತ್ರಿಕೆಗಳನ್ನು ತರಿಸಿ ಓದುತ್ತಿದ್ದೆ. ಅದರಲ್ಲೊಮ್ಮೆ, ಹೊರದೇಶದ ಪಂಡಿತರು ಯಂತ್ರಗಳಿಗೆ ಆಕಾರಗಳನ್ನು ಗುರುತು ಹಿಡಿಯಲು ಕಲಿಸುತ್ತಿದ್ದಾರೆ ಎಂಬ ಲೇಖನ ಬಂದಿತ್ತು. ಅರ್ಥವಾದ ಕಡೆ ಒಂದು ಗೆರೆ ಎಳೆದೆ. ಅರ್ಥವಾಗದ ಕಡೆ ಎರಡು ಗೆರೆ ಎಳೆದೆ. ಲೇಖನದ ತುಂಬ ಎರಡು ಗೆರೆಗಳಾದವು.

ಆದರೆ ಅದೃಷ್ಟ ನೋಡಿ! ಅದೇ ವಾರ ಡಾರ್ಕ್ ರೂಮಿನಲ್ಲಿ ಒಬ್ಬ ಮೇಷ್ಟ್ರ ಒದ್ದೆ ನೆಗೆಟಿವ್ ಹೋಗಿ ಅವರದೇ ಗಾಜಿನ ಚಿತ್ರದ ಮೇಲೆ ಕೂತುಬಿಟ್ಟಿತು. ಕಪ್ಪಿದ್ದ ಕಡೆ ಬಿಳುಪು, ಬಿಳುಪಿದ್ದ ಕಡೆ ಕಪ್ಪು. ಎರಡೂ ಸೇರಿ ಮೇಷ್ಟ್ರು ಮಾಯ! ಬರೀ ಬೂದು ಬಣ್ಣ. ಬೇರೆಯವರ ನೆಗೆಟಿವ್ ಇಟ್ಟು ನೋಡಿದೆ. ಮೇಷ್ಟ್ರಿಗೆ ನಾಲ್ಕು ಕಣ್ಣು, ಎರಡು ಮೀಸೆ ಬಂದವು. ನನ್ನ ಮೈ ಜುಮ್ಮೆಂದಿತು. ಅಂದರೆ, ಒಬ್ಬನ ನೆಗೆಟಿವನ್ನು ಮುಂದೆ ಹಿಡಿದಾಗ ಯಾರ ಮುಖ ಅಳಿಸಿಹೋಗುತ್ತದೋ ಅವನೇ ಇವನು! ಇಷ್ಟು ಸಣ್ಣ ವಿಷಯ ಆ ಪಂಡಿತರಿಗೆ ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಕನಿಕರವಾಯಿತು.

ಯಂತ್ರ ಹದಿನೈದು ದಿನದಲ್ಲಿ ತಯಾರಾಯಿತು. ಪೆಟ್ಟಿಗೆ ಕ್ಯಾಮೆರಾದ ಹಿಂದೆ ಚಿತ್ರ ಬೀಳುವ ಮಸುಕು ಗಾಜಿದೆಯಲ್ಲ, ಅದರ ಮುಂದೆ ಹಳೆಯ ನೆಗೆಟಿವ್ ಸಿಕ್ಕಿಸುವ ಒಂದು ಚೌಕಟ್ಟು. ಗಾಜಿನ ಹಿಂದೆ ಬೆಳಕು ಅಳೆಯುವ ಮೀಟರು. ಮೀಟರಿನ ಮುಳ್ಳು ಮಲಗಿದರೆ ಅದೇ ಮುಖ. ಮುಳ್ಳು ನೆಗೆದರೆ ಬೇರೆ ಮುಖ. ಎಲ್ಲಕ್ಕೂ ಮೇಲೆ ಹೊದಿಸಲು ಹಳೆಯ ಕೊಡೆಗಳ ಬಟ್ಟೆ ಸೇರಿಸಿ ನನ್ನ ಹೆಂಡತಿ ಸರೋಜ ಒಂದು ಕರೀ ಮುಸುಕು ಹೊಲಿದುಕೊಟ್ಟಳು.

ಮೊದಲ ಪ್ರಯೋಗ ಅವಳ ಮೇಲೇ ಆಯಿತು. ನಮ್ಮ ಮದುವೆಯ ನೆಗೆಟಿವ್ ಸಿಕ್ಕಿಸಿ ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಮುಳ್ಳು ಜಿಗಿದು ಆ ಕೊನೆಗೆ ಹೋಗಿ ನಿಂತಿತು.

"ನೀನು ನೀನಲ್ಲ ಅಂತಿದೆ ಕಣೇ ಯಂತ್ರ," ಎಂದೆ ಗಾಬರಿಯಿಂದ.

"ನಿಮ್ಮನ್ನ ಕಟ್ಟಿಕೊಂಡು ಹನ್ನೊಂದು ವರ್ಷ ಆಯ್ತು. ಇನ್ನೂ ಅವಳೇ ಆಗಿರೋಕೆ ಆಗುತ್ತೇನ್ರೀ? ನಿಮಗಿಂತ ಯಂತ್ರವೇ ವಾಸಿ, ಸೂಕ್ಷ್ಮ ಗೊತ್ತಾಗುತ್ತೆ," ಎಂದು ಅವಳು ಎದ್ದು ಹೋದಳು.

ತಪ್ಪು ಯಂತ್ರದ್ದಲ್ಲ, ಮನುಷ್ಯರದ್ದು ಎಂದು ನಾನು ತೀರ್ಮಾನಿಸಿದೆ. ಮನುಷ್ಯರು ನಗುತ್ತಾರೆ, ಮುನಿಯುತ್ತಾರೆ, ದಪ್ಪವಾಗುತ್ತಾರೆ. ಯಾವಾಗಲೂ ಒಂದೇ ಮುಖ ಇಟ್ಟುಕೊಂಡಿರುವ ಪ್ರಾಣಿ ಬೇಕಿತ್ತು. ನನಗೆ ಕರಿಯಮ್ಮನ ಕುರಿಗಳು ನೆನಪಾದವು!

ಬಡವನಹಳ್ಳಿಯ ಹತ್ತಿರ ನಮಗೆ ಎರಡು ಎಕರೆ ಹೊಲವಿದೆ. ಬಿತ್ತನೆಗೆ ಮುಂಚೆ ಕರಿಯಮ್ಮ ಪ್ರತಿವರ್ಷ ತನ್ನ ನಲವತ್ತು ಕುರಿಗಳನ್ನು ತಂದು ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲಿ ಮಂದೆ ನಿಲ್ಲಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಂದೆ ಕಟ್ಟಿ ಮಗಳನ್ನು ಸಾಕಿದ ಹೆಂಗಸು. ಅವಳ ಕುರಿ ಮಲಗಿದ ವರ್ಷ ನಮ್ಮ ರಾಗಿ ನೋಡಬೇಕು, ಕಣ್ಣು ತುಂಬುತ್ತದೆ. ಅವಳಿಗೆ ಏನಾದರೂ ಉಪಕಾರ ಮಾಡಬೇಕು ಎಂದು ನನಗೆ ಬಹಳ ದಿನದಿಂದ ಆಸೆಯಿತ್ತು. ಪಾಪ, ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ವರ್ಷ ಬೇರೆ ಹೊಲ ನೋಡಿಕೊಳ್ಳುತ್ತಿದ್ದಳು.

"ಕರಿಯಮ್ಮ, ನಿನ್ನ ಕುರಿಗಳ ಮುಖ ಎಲ್ಲ ಹಿಡಿದಿಟ್ಟುಬಿಡ್ತೀನಿ. ಯಾವತ್ತಾದರೂ ಬೇರೆ ಮಂದೆ ಜೊತೆ ಕಲೆತುಹೋದರೆ ಯಂತ್ರವೇ ಬೇರೆ ಮಾಡಿಕೊಡುತ್ತೆ," ಎಂದೆ.

"ಅವು ಕಲೆತ್ರೆ ನಂಗೆ ಗೊತ್ತಾಯ್ತದಲ್ಲ ಸಾಮಿ?"

"ಕಣ್ಣು ಮೋಸ ಮಾಡುತ್ತಮ್ಮ. ಯಂತ್ರ ಮಾಡಲ್ಲ."

"ಅಂಗಂತೀರಾ? ಓದ್ಕಂಡಿರೋರು ಹೇಳ್ತಿದ್ದೀರ, ಮಾಡಿ ಬುಡಿ," ಎಂದಳು. ಆ ನಂಬಿಕೆಯ ದನಿ ನೆನೆದರೆ ಇವತ್ತಿಗೂ ನನಗೆ ಕಸಿವಿಸಿಯಾಗುತ್ತದೆ.

ಒಂದೇ ಒಂದು ತೊಡಕಿತ್ತು. ಕುರಿಗಳ ನೆತ್ತಿಗೂ ಬೆನ್ನಿಗೂ ಗುರುತಿಗೆಂದು ಕೆಮ್ಮಣ್ಣು ಬಳಿದಿದ್ದರು. ಅದು ಇವತ್ತು ಇರುತ್ತದೆ, ಉಣ್ಣೆ ಕತ್ತರಿಸಿದರೆ ಹೋಗುತ್ತದೆ. ಶಾಸ್ತ್ರೀಯ ದೃಷ್ಟಿಯಿಂದ ಅದು ಕೊಳೆ. ಕೊಳೆಯನ್ನು ಸೋಸಿ ಮುಖವನ್ನು ಮಾತ್ರ ಉಳಿಸಿಕೊಳ್ಳಬೇಕು. ಇಲ್ಲಿ ನನ್ನ ಎರಡನೆಯ ಆವಿಷ್ಕಾರವಾಯಿತು! ಕ್ಯಾಮೆರಾದ ಕಣ್ಣಿಗೆ ಒಂದು ಕೆಂಪು ಜಿಲೇಟಿನ್ ಕಾಗದ ಅಂಟಿಸಿದೆ. ಕೆಂಪು ಕಾಗದದ ಮೂಲಕ ಕಪ್ಪು-ಬಿಳುಪು ಚಿತ್ರ ತೆಗೆದರೆ ಕೆಂಪಗಿರುವುದೆಲ್ಲ ಬೆಳ್ಳಗೆ ಬರುತ್ತದೆ. ಕೆಮ್ಮಣ್ಣು ಮಂಗಮಾಯ!

ನಲವತ್ತು ಚಿತ್ರ ತೆಗೆದೆ. ತೊಳೆದು ನೋಡಿದಾಗ ಹನ್ನೊಂದರಲ್ಲಿ ಬಾಲವಿತ್ತು. ಬಾಲಗಳನ್ನು ಬದಿಗಿಟ್ಟು ಉಳಿದವನ್ನು ವಿಂಗಡಿಸಿದೆ. ಕಪ್ಪು ಮುಖ, ಬಿಳಿ ಮುಖ, ಚುಕ್ಕೆ ಮುಖ, ಅರೆಗಪ್ಪು ಮುಖ. ಇಡೀ ಮಂದೆಗೆ ನಾಲ್ಕೇ ಮಾದರಿ ನೆಗೆಟಿವ್ ಸಾಕು ಎಂದು ನಾಲ್ಕನ್ನು ಆರಿಸಿ ಚೌಕಟ್ಟು ಕಟ್ಟಿದೆ. ಎಷ್ಟು ಅಚ್ಚುಕಟ್ಟು! ಮಂದೆಯಲ್ಲಿ ಐದು ಕೆಂಚು ಮುಖದ ಕುರಿಗಳಿದ್ದವು, ಕೆಂಪು ಕಾಗದ ಅವುಗಳ ಮುಖವನ್ನೂ ಬೆಳ್ಳಗೆ ಮಾಡಿ ಬಿಳಿಯವುಗಳ ಗುಂಪಿಗೆ ಸೇರಿಸಿಬಿಟ್ಟಿದೆ ಎಂಬುದು ನನ್ನ ಗಮನಕ್ಕೆ ಬರಲೇ ಇಲ್ಲ. ಅಚ್ಚುಕಟ್ಟಿನ ಮುಂದೆ ಐದು ಕುರಿ ಯಾವ ಲೆಕ್ಕ?

ಆ ಐದು ಕುರಿ ಯಾವುವು ಎಂದು ಈಗ ಹೇಳಬೇಕು. ಕರಿಯಮ್ಮನ ಮಗಳು ಮಂಜಿಗೆ ಮದುವೆ ಗೊತ್ತಾಗಿತ್ತು, ಹನ್ನೆರಡೇ ದಿನ ಉಳಿದಿತ್ತು. ಅವರ ಮನೆತನದಲ್ಲಿ ಹೆಣ್ಣಿಗೆ ಐದು ಕುರಿ ಬಳುವಳಿ ಕೊಡುತ್ತಾರೆ. ಸಂತೆಯಿಂದ ತಂದವಲ್ಲ, ಆ ಹುಡುಗಿಯೇ ಮರಿಯಿಂದ ಕೈತುತ್ತು ಹಾಕಿ ಸಾಕಿದ ಕುರಿಗಳೇ ಆಗಬೇಕು. ಗಂಡನ ಮನೆಯ ಅಂಗಳಕ್ಕೆ ಮೊದಲು ಆ ಕುರಿಗಳು ನಡೆಯಬೇಕು, ಅವುಗಳ ಹಿಂದೆ ಹೆಣ್ಣು. ಆ ಐದೇ ಈ ಐದು. ಅದರಲ್ಲಿ ಸಿಂಗಾರಿ ಎಂಬುದು ತುಂಬಿದ ಗಬ್ಬ.

ಮುಂದಿನ ಭಾನುವಾರ ಸರೋಜಳೊಂದಿಗೆ ಯಂತ್ರ ಹೊತ್ತು ಹೊಲಕ್ಕೆ ಹೋದೆ. ಎರಡು ದಿನದ ಹಿಂದೆ ಉಣ್ಣೆ ಕತ್ತರಿಸಿದ್ದರು, ಕುರಿಗಳೆಲ್ಲ ಬೋಳು ಬೋಳಾಗಿ ನಿಂತಿದ್ದವು. ಹೊಸ ಕೆಮ್ಮಣ್ಣು ಇನ್ನೂ ಹಚ್ಚಿರಲಿಲ್ಲ. ಹಚ್ಚಬೇಡಿ ಎಂದು ನಾನೇ ಹೇಳಿಕಳಿಸಿದ್ದೆ! ಕರಿಯಮ್ಮ ಮಗಳೊಂದಿಗೆ ಮದುವೆ ಸೀರೆ ತರಲು ಶಿರಾಕ್ಕೆ ಹೋಗಿದ್ದಳು. ಪಾವಗಡದ ಕಡೆಯ ಅಂಜನಪ್ಪ ಎಂಬವನು ತನ್ನ ಮಂದೆಯನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು ಎರಡನ್ನೂ ನೋಡಿಕೊಳ್ಳುತ್ತಿದ್ದ. ದೊಡ್ಡ ರುಮಾಲು, ಕಿವಿ ಮುಚ್ಚುವ ಕೂದಲು, ಕುಡುಗೋಲಿನಂಥ ಮೀಸೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅವನ ಊರ ಕಡೆ ಮಳೆ ಬಿದ್ದು ಹಸಿರು ಚಿಗುರಿದೆ ಎಂದು ಸುದ್ದಿ ಬಂದಿತ್ತು. ಮಧ್ಯಾಹ್ನ ಹೊರಡುವವನಿದ್ದ.

ನಾನು ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ ಕರೀ ಮುಸುಕಿನೊಳಗೆ ತಲೆ ತೂರಿಸಿದೆ. ಗಾಳಿ ಬೀಸಿತು. ಮುಸುಕು ಎರಡೂ ಕಡೆ ಪಟಪಟನೆ ರೆಕ್ಕೆ ಬಡಿಯಿತು. ತಲೆಯಿಲ್ಲದ, ಐದು ಕಾಲಿನ, ರೆಕ್ಕೆಯಿರುವ ಒಂದು ಕರೀ ಪ್ರಾಣಿಯನ್ನು ಆ ಕುರಿಗಳು ಹಿಂದೆ ನೋಡಿರಲಿಲ್ಲ. ಮುಂದಿನದು ನನಗೆ ಕಾಣಲಿಲ್ಲ, ಕೇಳಿಸಿತು. ತಲೆ ಹೊರಗೆ ತೆಗೆದಾಗ ಎರಡು ಮಂದೆಯೂ ಒಂದೇ ಮಂದೆಯಾಗಿತ್ತು!

"ಏಮ್ ಕಾದು ಸಾಮಿ, ಏನೂ ಆಗಾಕಿಲ್ಲ, ಒಂದ್ ಗಳಿಗೆ ಇರಿ, ಇಂಗಡಿಸಿ ಬುಡ್ತೀನಿ," ಎಂದ ಅಂಜನಪ್ಪ, ಬೀಡಿಯನ್ನೂ ಆರಿಸದೆ.

"ಬೇಡ!" ಎಂದು ಕೂಗಿದೆ. ಇಂಥ ಸುವರ್ಣಾವಕಾಶ ವಿಜ್ಞಾನಿಗೆ ಜೀವನದಲ್ಲಿ ಒಮ್ಮೆ ಸಿಗುತ್ತದೆ. "ಒಂದೊಂದೇ ಕುರಿ ಹಿಡಿದು ಯಂತ್ರದ ಮುಂದೆ ನಿಲ್ಲಿಸು. ಅದೇ ಹೇಳಲಿ."

ಅವನು ಸರೋಜಳ ಮುಖ ನೋಡಿದ. ಸರೋಜ ಆಕಾಶ ನೋಡಿದಳು.

ಕೆಂಪು ಕಾಗದ ಹಾಕಿದರೆ ಮಸುಕು ಗಾಜು ಕತ್ತಲಾಗಿ ಮುಳ್ಳು ಅಲ್ಲಾಡುತ್ತಿರಲಿಲ್ಲ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ನನ್ನ ಜೀವನದ ದೊಡ್ಡ ತಪ್ಪು ಅರ್ಧ ಸೆಕೆಂಡಿನಲ್ಲಿ ಮುಗಿಯಿತು. ಆಮೇಲೆ ಮೂರು ಗಂಟೆ ಅವನು ಕುರಿ ಹಿಡಿದು ನಿಲ್ಲಿಸಿದ, ನಾನು ಚೌಕಟ್ಟು ಬದಲಾಯಿಸಿದೆ. ಮುಳ್ಳು ಮಲಗಿತು, ಕರಿಯಮ್ಮನದು. ಮತ್ತೆ ಮಲಗಿತು, ಕರಿಯಮ್ಮನದು. ಹೀಗೆ ಮೂವತ್ತೈದು. ಬೆವರು ಸುರಿದು ಅಂಗಿ ಒದ್ದೆಯಾದರೂ ಎದೆ ಉಬ್ಬುತ್ತಿತ್ತು. ಆಮೇಲೆ ಐದು ಕುರಿಗಳಿಗೆ ಮುಳ್ಳು ನೆಗೆಯಿತು. ನಾಲ್ಕೂ ಚೌಕಟ್ಟು ಹಾಕಿ ನೋಡಿದೆ. ನೆಗೆಯಿತು!

"ಇವು ನಿನ್ನವು," ಎಂದು ಘೋಷಿಸಿದೆ.

"ಇವಿ ನಾವಿ ಕಾದು ಸಾಮಿ! ನನ್ನವಲ್ಲ. ಕರಿಯಮ್ಮಕ್ಕನವು."

"ನಿನ್ನ ಪ್ರಾಮಾಣಿಕತೆ ಮೆಚ್ಚಿದೆ ಅಂಜನಪ್ಪ. ಆದರೆ ಕಣ್ಣು ಮೋಸ ಮಾಡುತ್ತೆ."

"ಕಣ್ಣಲ್ಲ ಸಾಮಿ, ಈ ಐದೂ ನನ್ನ ಬುತ್ತಿ ತಿಂದವೆ, ನಂಗೊತ್ತಿಲ್ವಾ?"

"ರೀ, ಅವನು ತನ್ನದಲ್ಲ ಅಂತಿದ್ದಾನೆ. ತನ್ನದು ಅಂದಿದ್ದರೆ ಅನುಮಾನ ಪಡಬಹುದಿತ್ತು," ಎಂದಳು ಸರೋಜ.

ಎಷ್ಟು ಸರಿಯಾದ ಮಾತು! ಆದರೆ ಆಗ ನನಗೂ ವಿಜ್ಞಾನಕ್ಕೂ ನಡುವೆ ಯಾರೂ ಬರುವಂತಿರಲಿಲ್ಲ, ನಲವತ್ತರಲ್ಲಿ ಮೂವತ್ತೈದೇ ಉಳಿಯಿತಲ್ಲ ಎಂಬ ಲೆಕ್ಕವೂ ಬರುವಂತಿರಲಿಲ್ಲ. ಐದನ್ನೂ ಅವನ ಮಂದೆಗೆ ನಾನೇ ಅಟ್ಟಿದೆ. ಅವು ತಿರುಗಿ ಓಡಿಬಂದವು. ಮತ್ತೆ ಅಟ್ಟಿದೆ. ಮತ್ತೆ ಬಂದವು. ಕೊನೆಗೆ ಹೊಲದ ಬದುವಿನ ಮೇಲೆ ಎರಡೂ ಕೈ ಚಾಚಿ ನಿಂತುಬಿಟ್ಟೆ.

ಅಂಜನಪ್ಪ ನಿಟ್ಟುಸಿರು ಬಿಟ್ಟ. "ಸರೇ ಸಾಮಿ. ನನ್ನ ತಾವ ಇರ್ತವೆ. ಅಕ್ಕ ಬಂದ್ರೆ ಹೇಳಿ, ಜೋಪಾನ ಮಾಡ್ತೀನಿ ಅಂತ," ಎಂದು ಹೊರಟ. ದೊಡ್ಡವರ ಮಾತು ತೆಗೆದುಹಾಕಬಾರದೆಂಬ ಒಂದೇ ಕಾರಣಕ್ಕೆ ಅವನು ಹೊರಟದ್ದು.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ನಾನು ಮುಸುಕಿನೊಳಗೆ ಯಂತ್ರ ಸರಿಮಾಡುತ್ತಿದ್ದ ಮೊದಲ ಹತ್ತು ನಿಮಿಷದಲ್ಲೇ ಅವನು ಎರಡು ಮಂದೆಯನ್ನೂ ಬೇರೆ ಮಾಡಿ ಮುಗಿಸಿದ್ದನಂತೆ! ನನ್ನ ಮನಸ್ಸು ನೋಯಬಾರದೆಂದು ಕರಿಯಮ್ಮನ ನಲವತ್ತನ್ನೇ ಒಂದೊಂದಾಗಿ ಹಿಡಿದು ಯಂತ್ರದ ಮುಂದೆ ನಿಲ್ಲಿಸಿದ್ದ. ಅಂದರೆ ಸರಿಯಾಗಿ ವಿಂಗಡಿಸಿದ್ದ ಮಂದೆಯಿಂದ ಐದು ಕುರಿಯನ್ನು ಹುಡುಕಿ ತಪ್ಪು ಮಾಡಿದ್ದಷ್ಟೇ ಯಂತ್ರದ ಸಾಧನೆ.

ಸಂಜೆ ಕರಿಯಮ್ಮ ಸೀರೆಯ ಗಂಟು ಹಿಡಿದು ಮಗಳೊಂದಿಗೆ ಬಂದಳು. ಬದುವಿನ ಮೇಲೆ ನಿಂತು ಮಂದೆಯ ಕಡೆ ಒಮ್ಮೆ ನೋಡಿದಳು. ಎಣಿಸಲಿಲ್ಲ. ಸುಮ್ಮನೆ ನೋಡಿದಳು.

"ಸಾಮಿ, ನಮ್ ಕೆಂಚಿ ಎಲ್ಲಿ? ಗೌರಿ, ಪುಟ್ಟಿ, ಹೊನ್ನಿ? ಸಿಂಗಾರಿ ಎಲ್ಲವ್ಳೆ?"

ನಾನು ಹೇಳಿದೆ. ಶಾಸ್ತ್ರೀಯವಾಗಿ ಶುರುಮಾಡಿ, ಜೇಬಿನಲ್ಲಿದ್ದ ಕೆಂಪು ಕಾಗದ ಕೈಗೆ ತಾಗಿದಾಗ ನಡುವೆ ನಿಂತುಹೋದೆ. ಕೆಂಪು. ಕೆಂಚು. ಕಾಗದವಿದ್ದಾಗ ಬೆಳ್ಳಗೆ ಬಂದಿದ್ದ ಕೆಂಚು ಮುಖಗಳು, ಕಾಗದ ಕಿತ್ತ ಮೇಲೆ ಯಾವ ಮಾದರಿಗೂ ಹೊಂದದೆ ಹೋಗಿದ್ದವು!

ಕರಿಯಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಗಂಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಮಂಜಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಅಂಜನಪ್ಪ ಕಳ್ಳ ಅಲ್ಲ ಬುಡಿ," ಎಂದಳು ಕರಿಯಮ್ಮ ನಿಧಾನವಾಗಿ. "ಆದ್ರೆ ಅವ್ನು ಪಾವಗಡ ದಾಟಿ ಆಂಧ್ರದ ಕಡೀಕ್ ಓದ್ರೆ ಎಲ್ಲೀಂತ ಉಡ್ಕನ? ಸಿಂಗಾರಿ ಇವತ್ತೋ ನಾಳೆಯೋ ಅನ್ನಂಗವ್ಳೆ. ಈ ಸ್ಥಿತೀಲಿ ಅಷ್ಟ್ ದೂರ ನಡ್ಸಿದ್ರೆ ತಾಯೂ ಉಳಿಯಾಕಿಲ್ಲ, ಮರೀನೂ ಉಳಿಯಾಕಿಲ್ಲ."

ಮದುವೆಯ ಅಂಗಳಕ್ಕೆ ನಡೆಯಬೇಕಾದ ಕುರಿಗಳನ್ನು ನಾನು ಕೈ ಚಾಚಿ ನಿಂತು ಓಡಿಸಿದ್ದೆ. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಮಾರನೆಯ ಬೆಳಿಗ್ಗೆ ನಾನು, ಸರೋಜ, ಕರಿಯಮ್ಮ ಪಾವಗಡದ ಬಸ್ಸು ಹತ್ತಿದೆವು. ನನ್ನ ಹೆಗಲಲ್ಲಿ ಯಂತ್ರವಿತ್ತು.

"ಅದ್ಯಾಕ್ರೀ?" ಎಂದಳು ಸರೋಜ.

"ನೂರಾರು ಕುರಿ ಇರುತ್ತೆ. ನಮ್ಮ ಐದು ಯಾವುವು ಅಂತ ಗುರುತಿಸಬೇಡವೇ?"

ಸರೋಜ ನನ್ನನ್ನು ನೋಡಿದ ನೋಟಕ್ಕೆ ನಾನೇ ಯಂತ್ರವನ್ನು ಸೀಟಿನ ಕೆಳಗೆ ತಳ್ಳಿದೆ. ಮಿಡಿಗೇಶಿ ತಲುಪುವಷ್ಟರಲ್ಲಿ ಒಬ್ಬರು ಅದರ ಮೇಲೆ ಅಕ್ಕಿ ಮೂಟೆ ಇಟ್ಟರು. ಮಸುಕು ಗಾಜು ಚಟ್ ಎಂದಿತು. ಆ ಶಬ್ದ ಕೇಳಿ ಸರೋಜಳ ಮುಖದಲ್ಲಿ ಬಂದ ನೆಮ್ಮದಿಯನ್ನು ನಾನು ಯಾವ ಫೋಟೋದಲ್ಲೂ ಹಿಡಿಯಲಾರೆ.

ಅಲ್ಲಿಂದ ಸ್ವಲ್ಪ ಮುಂದೆ, ಕಿಟಕಿಯಲ್ಲಿ ಕೂತಿದ್ದ ಕರಿಯಮ್ಮ "ನಿಲ್ಸೀ!" ಎಂದು ಕೂಗಿಕೊಂಡಳು. ಇಳಿದೆವು. ರಸ್ತೆ ಬದಿಯ ಮೆತ್ತನೆ ಮಣ್ಣಿನಲ್ಲಿ ಸಾವಿರ ಗೊರಸಿನ ಗುರುತು. ನನಗೆ ಕಂಡದ್ದು ಕೆಸರು.

"ಇದು ನಮ್ ಸಿಂಗಾರಿ ಎಜ್ಜೆ. ನೋಡಿ, ಭಾರ ಬಿಟ್ಟು ಊರವ್ಳೆ. ಇಲ್ಲಿಂದ ರಸ್ತೆ ಬುಟ್ಟು ಒಳೀಕ್ ಓಗವ್ರೆ," ಎಂದಳು. ನಾನು ಕೆಸರಿನ ಮುಂದೆ ಕೈ ಮುಗಿಯುವುದೊಂದು ಬಾಕಿ.

ಅರ್ಧ ಮೈಲಿ ನಡೆದೆವು. ಹೊಂಗೆ ಮರಗಳ ಕೆಳಗೆ ಅಂಜನಪ್ಪನ ಮಂದೆ ನಿಂತಿತ್ತು. ಐದು ಕುರಿ ಬೇರೆಯಾಗಿ ಒಂದು ಬೇಲಿಯೊಳಗಿದ್ದವು. ಅವನು ಕಂಬಳಿ ಇಲ್ಲದೆ ಕೂತಿದ್ದ. ಪಕ್ಕದಲ್ಲಿ ಮುದುರಿಟ್ಟಿದ್ದ ಅವನ ಕಂಬಳಿಯೊಳಗಿಂದ ಒಂದು ಪುಟ್ಟ ಕೆಂಚು ಮುಖ ಹೊರಗೆ ಇಣುಕುತ್ತಿತ್ತು!

"ರಾ ಅಕ್ಕಾ, ಆರಾದ್ವು!" ಎಂದು ಅವನು ಎದ್ದು ನಿಂತ. ಸಿಂಗಾರಿ ಬೆಳಗಿನ ಜಾವಕ್ಕೆ ಈದಿತ್ತು. ಮರಿ ಅಡ್ಡ ಬಂದು ಬಹಳ ಕಷ್ಟವಾಯಿತಂತೆ. ತನ್ನ ಕಡೆ ಹಸಿರು ಕಾಯುತ್ತಿದ್ದರೂ ಅವನು ಹೆಜ್ಜೆ ಕಿತ್ತಿಡದೆ ಅಲ್ಲೇ ಕೂತಿದ್ದ. ಕರಿಯಮ್ಮ ಮರಿಯನ್ನು ಎತ್ತಿಕೊಂಡು ಅತ್ತಳು, ನಕ್ಕಳು. ನಾಲ್ಕು ಕುರಿಗಳು ಬೇಲಿಯ ಮೇಲೆ ನೆಗೆದು ಬಂದು ಅವಳ ಸೀರೆ ಮೂಸಿದವು. ನಾನು ಮಾತ್ರ ಅಂಜನಪ್ಪನಿಗೆ ಏನೂ ಹೇಳದೆ ಕುರಿಗಳ ಹಿಂದೆ ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ. ಅದು ನನ್ನನ್ನು ಕೊರೆಯತೊಡಗಿತು. ಇಷ್ಟು ದೊಡ್ಡ ಉಪಕಾರ ಮಾಡಿದವನಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲವಲ್ಲ!

ಮಂಜಿಯ ಮದುವೆ ಚೆನ್ನಾಗಿ ಆಯಿತು. ಊಟದ ಪಂಕ್ತಿಯಲ್ಲಿ ಕೂತೆ. ಎಡಕ್ಕೆ ಸರೋಜ, ಬಲಕ್ಕೆ ತಲೆ ಬೋಳಿಸಿ, ಮೀಸೆ ತೆಗೆದು, ಹೊಸ ಬಿಳಿ ಅಂಗಿ ಹಾಕಿದ್ದ ಯಾರೋ ನೆಂಟರು. ಗಂಡಿನ ಕಡೆಯವರಿರಬೇಕು ಎಂದುಕೊಂಡೆ. ಮನಸ್ಸು ತುಂಬಿಬಂದಿತ್ತು, ಅವರ ಹತ್ತಿರವೇ ಶುರುಮಾಡಿದೆ.

"ಯಜಮಾನರೇ, ಈ ಮದುವೆ ಇಷ್ಟು ಚೆಂದ ಆಗಿದ್ದು ಅಂಜನಪ್ಪ ಅನ್ನೋ ಪುಣ್ಯಾತ್ಮನಿಂದ. ನಿಮಗೆ ಗೊತ್ತಿರಲಾರದು."

ಅವರು ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆ ಆಡಿಸಿದರು. ನಾನು ಇಡೀ ಕಥೆ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಪಾಯಸ ಬರುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರಿತ್ತು.

"ಬೇರೆಯವರ ಕುರಿಗೆ ತನ್ನ ಕಂಬಳಿ ಹೊದಿಸಿ ಚಳಿಯಲ್ಲಿ ಕೂತಿದ್ದನಲ್ಲ, ಆ ಮುಖವನ್ನು ನಾನು ಸಾಯುವವರೆಗೂ ಮರೆಯಲ್ಲ. ಸಾವಿರ ಜನರ ನಡುವೆ ನಿಲ್ಲಿಸಿ, ಗುರುತು ಹಿಡಿದು ಕಾಲಿಗೆ ಬೀಳ್ತೀನಿ!"

ಎಡಗಡೆ ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಡುಗುತ್ತಿದ್ದಳು. ಅವಳಿಗೂ ಅಳು ಬಂದಿದೆ ಎಂದುಕೊಂಡೆ. ಅನ್ನ ಬಡಿಸುತ್ತಿದ್ದ ಕರಿಯಮ್ಮ ನನ್ನ ಮುಂದೆ ನಿಂತೇಬಿಟ್ಟಳು.

"ಅಯ್ಯೋ ಸಾಮಿ, ಯಾರ ತಾವ ಏಳ್ತಿದ್ದೀರ? ಅವ್ನೇ ಕಣ್ ಸಾಮಿ ಅಂಜನಪ್ಪ! ಆವತ್ತು ಸಿಂಗಾರಿಗೆ ಮರಿ ಅಡ್ಡ ಬಂದಾಗ, ತಾಯಿ ಮರಿ ಉಳುದ್ರೆ ನಾಗಲಮಡಿಕೆ ದೇವ್ರಿಗೆ ಮುಡಿ ಕೊಡ್ತೀನಿ ಅಂತ ಅರಸ್ಕಂಡಿದ್ನಂತೆ. ಮೊನ್ನೆ ಓಗಿ ಕೊಟ್ಟು ಬಂದವ್ನೆ."

ನಾನು ತಿರುಗಿ ನೋಡಿದೆ. ಬೋಳು ತಲೆ, ಮೀಸೆಯಿಲ್ಲದ ತುಟಿ, ಅದರ ಮೇಲೆ ಒಂದು ಚೂರು ನಗು. ನನ್ನ ತಪ್ಪಿಗೆ, ತನ್ನದಲ್ಲದ ಕುರಿಗೆ, ಅವನು ತಲೆಗೂದಲು ಕೊಟ್ಟು ಬಂದಿದ್ದ. ಆ ತಲೆಯ ಪಕ್ಕದಲ್ಲೇ ಅರ್ಧ ಗಂಟೆ ಕೂತು ಅದು ಯಾರದೆಂದು ನನಗೆ ತಿಳಿದಿರಲಿಲ್ಲ. ಎಂಜಲು ಕೈಯಲ್ಲೇ ಕೈ ಮುಗಿದೆ. ಕಣ್ಣೀರು ಸುರಿಯಿತು, ಪಂಕ್ತಿಯೆಲ್ಲ ನಗುತ್ತಿತ್ತು, ನಾನೂ ನಕ್ಕೆ.

"ಪೋನೀಲೇಂಡಿ, ಬುಡಿ ಸಾಮಿ," ಎಂದ ಅಂಜನಪ್ಪ ಪಾಯಸ ಹೀರುತ್ತಾ. "ಕೂದ್ಲು ಬೆಳೀಲಿ, ಇನ್ನೊಂದ್ ಸಲ ಬರ್ತೀನಿ. ಆವಾಗ ನಂಗೇ ಏಳೀರಂತೆ!"